ನೋಡುವ ಟೆನಿಸ್, ಆಡುವ ಟೆನಿಸ್

ಚೆಂಡು ಬಂತು, ಅಂಕಣ ಬರಲಿಲ್ಲ

ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯಂಥ ಘಟ್ಟದ ಊರುಗಳಲ್ಲಿ ಟೆನಿಸ್ ಎಂಬ ಮಾತು ಹೆಚ್ಚಾಗಿ ಕಿವಿಗೆ ಬೀಳುವುದು ಕ್ರಿಕೆಟ್ಟಿನ ಜೊತೆಗೆ. ಗದ್ದೆ ಕೊಯ್ಲು ಮುಗಿದು ನೆಲ ಒಣಗಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಯಲುಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳು ಶುರುವಾಗುತ್ತವೆ. ರಾತ್ರಿ ದೀಪ ಹಾಕಿ ಆಡಿಸುವುದುಂಟು, ಧ್ವನಿವರ್ಧಕದಲ್ಲಿ ಕನ್ನಡದ ವೀಕ್ಷಕ ವಿವರಣೆಯೂ ಉಂಟು. ರ್‍ಯಾಕೆಟ್ಟು ಕೈಯಲ್ಲಿ ಹಿಡಿದೇ ನೋಡದ ಸಾವಿರಾರು ಹುಡುಗರು ಟೆನಿಸ್ ಚೆಂಡಿನ ಪುಟಿತವನ್ನು ಬೆರಳ ತುದಿಯಲ್ಲೇ ಬಲ್ಲರು.

ಚೆಂಡಿನ ರಚನೆಯನ್ನು ನೋಡಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ಟೆನಿಸ್ ಚೆಂಡು ಒಳಗೆ ಟೊಳ್ಳಾದ ರಬ್ಬರ್ ಗೋಳ, ಹೊರಗೆ ಉಣ್ಣೆ ಮತ್ತು ನೈಲಾನಿನ ಹೊದಿಕೆ. ತೂಕ 56ರಿಂದ 59.4 ಗ್ರಾಂ, ಅಂದರೆ ಕ್ರಿಕೆಟ್ಟಿನ ತೊಗಲು ಚೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರಿನವರೆಗೆ ಪುಟಿಯಬೇಕೆಂಬುದು ನಿಯಮ. ತಗುಲಿದರೆ ಮೂಳೆ ಮುರಿಯುವುದಿಲ್ಲ, ಪ್ಯಾಡು ಬೇಕಿಲ್ಲ, ಒಡಕಲು ನೆಲದಲ್ಲೂ ಪುಟಿಯುತ್ತದೆ. ಟೆನಿಸ್ಸಿಗೆಂದು ಹುಟ್ಟಿದ ಈ ಚೆಂಡು ನಮ್ಮ ದೇಶದಲ್ಲಿ ಬೀದಿ ಕ್ರಿಕೆಟ್ಟಿನ ಆಧಾರವಾಯಿತು. 2024ರಲ್ಲಿ ಆರಂಭವಾದ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್ ಇದೇ ಚೆಂಡಿನ ಹತ್ತು ಓವರಿನ ಆಟ. ಅದರ ಬೆಂಗಳೂರು ತಂಡಕ್ಕೆ ನಟ ಹೃತಿಕ್ ರೋಷನ್ ಮಾಲೀಕರು.

ಚೆಂಡು ಬಂದಷ್ಟು ಸಲೀಸಾಗಿ ಅಂಕಣ ಬರಲಿಲ್ಲ. ಟೆನಿಸ್ ಅಂಕಣದ ಉದ್ದ 23.77 ಮೀಟರ್, ಅಗಲ ಸಿಂಗಲ್ಸಿಗೆ 8.23, ಡಬಲ್ಸಿಗೆ 10.97 ಮೀಟರ್. ಹಿಂದೆ ಸರಿದು ಹೊಡೆಯಲು, ಪಕ್ಕಕ್ಕೆ ಓಡಲು ಸುತ್ತ ಜಾಗ ಬಿಟ್ಟರೆ ಒಟ್ಟು ಸುಮಾರು 36 ಮೀಟರ್ ಉದ್ದ, 18 ಮೀಟರ್ ಅಗಲದ ಸಮತಟ್ಟು ನೆಲ ಬೇಕು. ಕಣಿವೆಯಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ ಇರುವ ಸೀಮೆಯಲ್ಲಿ ಅಷ್ಟು ಸಮ ನೆಲ ಸಿಕ್ಕರೆ ಅದು ಶಾಲೆಯ ಮೈದಾನವಾಗುತ್ತದೆ. ಆ ಮೈದಾನದಲ್ಲಿ ಇಪ್ಪತ್ತೆರಡು ಹುಡುಗರು ಆಡುವ ಕ್ರಿಕೆಟ್ಟನ್ನೋ ಹನ್ನೆರಡು ಜನರ ವಾಲಿಬಾಲನ್ನೋ ಬಿಟ್ಟು ಇಬ್ಬರಿಗೆ ಜಾಗ ಕೊಡುವುದು ಯಾವ ಊರಿಗೂ ಸುಲಭವಲ್ಲ.

ಟೆನಿಸ್ ಇಂಗ್ಲೆಂಡಿನಲ್ಲಿ ಈಗಿನ ರೂಪಕ್ಕೆ ಬಂದದ್ದು 1870ರ ದಶಕದಲ್ಲಿ. 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಅದಕ್ಕೆ ಪೇಟೆಂಟ್ ಪಡೆದರು, 1877ರಲ್ಲಿ ಮೊದಲ ವಿಂಬಲ್ಡನ್ ನಡೆಯಿತು. ಭಾರತಕ್ಕೆ ಅದು ಬಂದದ್ದು ದಂಡು ಪ್ರದೇಶ, ಕ್ಲಬ್ಬು, ಪ್ಲಾಂಟರುಗಳ ಎಸ್ಟೇಟಿನ ಮೂಲಕ. ಹಾಗಾಗಿ ಕರ್ನಾಟಕದಲ್ಲೂ ಅದರ ಬೇರು ಬೆಂಗಳೂರು, ಮೈಸೂರು, ಕೊಡಗುಗಳಲ್ಲಿ.

ಆಟಗಾರನಿಗೆ ಟೆನಿಸ್ ಎಂದರೆ

ನಮ್ಮ ಕಡೆಯವರಿಗೆ ಈ ಆಟದ ಒಳಗುಟ್ಟನ್ನು ಹೇಳಲು ತಾಳಮದ್ದಳೆಗಿಂತ ಒಳ್ಳೆಯ ಹೋಲಿಕೆ ಸಿಗದು. ವೇಷವಿಲ್ಲ, ಕುಣಿತವಿಲ್ಲ, ಎದುರಾಳಿ ಅರ್ಥಧಾರಿ ಎಸೆದ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಮನೆಯಲ್ಲಿ ಎಷ್ಟೇ ತಯಾರಾಗಿ ಬಂದರೂ ಎದುರಿನವನ ಮಾತು ಎತ್ತ ತಿರುಗುತ್ತದೋ ಅತ್ತ ಹೋಗಬೇಕು. ಟೆನಿಸ್ ಆಟಗಾರ ಇರುವುದು ಇದೇ ಇಕ್ಕಟ್ಟಿನಲ್ಲಿ. ವ್ಯತ್ಯಾಸವೆಂದರೆ, ಅವನ ಹಿಂದೆ ಪದ ಎತ್ತಿಕೊಡಲು ಭಾಗವತರಿಲ್ಲ. ಪಂದ್ಯದ ನಡುವೆ ಕೋಚ್ ಬಾಯಿಬಿಡಬಾರದು ಎಂಬ ಕಟ್ಟುಪಾಡು ಬಹುಕಾಲ ಇತ್ತು. ಗ್ಯಾಲರಿಯಿಂದ ಸಲಹೆ ಕೊಡಲು ಅಂತರರಾಷ್ಟ್ರೀಯ ನಿಯಮಾವಳಿ ಪೂರ್ಣವಾಗಿ ಒಪ್ಪಿದ್ದು 2025ರಲ್ಲಿ.

ಇನ್ನೊಂದು ಸಂಗತಿ ಅಂಕದ ಲೆಕ್ಕದೊಳಗಿದೆ. ಟೆನಿಸ್ಸಿನಲ್ಲಿ ಗಡಿಯಾರ ಇಲ್ಲ. ಕಬಡ್ಡಿಯಲ್ಲಿ ಮುಂದಿರುವ ತಂಡ ಹೊತ್ತು ಕಳೆದು ಗೆಲ್ಲಬಹುದು, ಟೆಸ್ಟ್ ಕ್ರಿಕೆಟ್ಟಿನಲ್ಲಿ ಡ್ರಾ ಮಾಡಿಕೊಳ್ಳಬಹುದು. ಇಲ್ಲಿ ಕೊನೆಯ ಪಾಯಿಂಟನ್ನು ಗೆದ್ದೇ ತೀರಬೇಕು. ಎರಡು ಸೆಟ್ ಮುಂದಿದ್ದವನೂ ಸೋಲಬಹುದು, ಒಟ್ಟು ಪಾಯಿಂಟುಗಳಲ್ಲಿ ಮುಂದಿದ್ದವನೂ ಸೋಲಬಹುದು. 2010ರ ವಿಂಬಲ್ಡನ್ನಿನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹು ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ ಆಡಿದರು. ಕೊನೆಯ ಸೆಟ್ 70–68ಕ್ಕೆ ಮುಗಿಯಿತು. ಆಟವೇ ನಿಲ್ಲುವುದಿಲ್ಲ ಎಂಬ ಆ ಭಯ ಮತ್ತು ಆ ಆಸೆ, ಎರಡೂ ಟೆನಿಸ್ಸಿನ ರಚನೆಯಲ್ಲೇ ಇವೆ.

ರೋಜರ್ ಫೆಡರರ್ 2024ರ ಜೂನಿನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಪ್ರದಾನದಲ್ಲಿ ಒಂದು ಲೆಕ್ಕ ಕೊಟ್ಟರು. ಅವರು ಆಡಿದ್ದು 1526 ಸಿಂಗಲ್ಸ್ ಪಂದ್ಯ, ಗೆದ್ದದ್ದು ಹತ್ತಿರ ಹತ್ತಿರ ಶೇ 80. ಆದರೆ ಆಡಿದ ಪಾಯಿಂಟುಗಳಲ್ಲಿ ಗೆದ್ದದ್ದು ಶೇ 54 ಮಾತ್ರ. ಅಷ್ಟು ದೊಡ್ಡ ಆಟಗಾರ ಕೂಡ ಹೆಚ್ಚುಕಡಿಮೆ ಎರಡಕ್ಕೊಂದು ಪಾಯಿಂಟ್ ಸೋಲುತ್ತಲೇ ಇದ್ದ. ಸೋತ ಪಾಯಿಂಟನ್ನು ಇಪ್ಪತ್ತೈದು ಸೆಕೆಂಡಿನೊಳಗೆ ಮನಸ್ಸಿನಿಂದ ತೆಗೆದು ಮುಂದಿನದಕ್ಕೆ ನಿಲ್ಲುವುದು, ಅದನ್ನೇ ದಿನಕ್ಕೆ ನೂರಾರು ಸಲ ಮಾಡುವುದು ಟೆನಿಸ್ ಆಟಗಾರರ ಕಸುಬು. ಆ ಕಸುಬು ಮನುಷ್ಯನನ್ನು ತಿನ್ನುವುದೂ ಉಂಟು. ಆಂಡ್ರೆ ಅಗಾಸ್ಸಿ 2009ರ ತನ್ನ ಆತ್ಮಕತೆಯಲ್ಲಿ, ತನ್ನನ್ನು ಬೆಳೆಸಿದ ಈ ಆಟವನ್ನೇ ತಾನು ದ್ವೇಷಿಸುತ್ತಿದ್ದೆ ಎಂದು ಬಿಚ್ಚಿಟ್ಟರು. ನವೋಮಿ ಒಸಾಕಾ ಮಾನಸಿಕ ಆರೋಗ್ಯದ ಕಾರಣ ಹೇಳಿ 2021ರ ಫ್ರೆಂಚ್ ಓಪನ್ ಅರ್ಧಕ್ಕೆ ಬಿಟ್ಟರು. ಆಶ್ ಬಾರ್ಟಿ ವಿಶ್ವದ ನಂಬರ್ 1 ಆಗಿದ್ದಾಗಲೇ, 2022ರ ಮಾರ್ಚ್‌ನಲ್ಲಿ, 25ನೇ ವಯಸ್ಸಿಗೆ ನಿವೃತ್ತರಾದರು.

ದುಡ್ಡಿನ ಮಾತನ್ನೂ ಆಡಬೇಕು, ಏಕೆಂದರೆ ಟಿವಿಯಲ್ಲಿ ಕಾಣುವ ವೈಭವ ಮೇಲಿನ ನೂರು ಜನರದ್ದು. ವಿಮಾನ, ಹೋಟೆಲು, ಕೋಚು, ಫಿಸಿಯೊ, ಹೆಚ್ಚಿನ ಖರ್ಚೆಲ್ಲ ಆಟಗಾರನ ಜೇಬಿನಿಂದಲೇ. ಭಾರತದ ನಂಬರ್ 1 ಸಿಂಗಲ್ಸ್ ಆಟಗಾರನಾಗಿದ್ದ ಸುಮಿತ್ ನಗಾಲ್, ಬ್ಯಾಂಕಿನಲ್ಲಿ ಉಳಿದಿರುವುದು ಸುಮಾರು 900 ಯೂರೊ ಎಂದು 2023ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಹೇಳಿಕೊಂಡರು. ನಾಲ್ಕೇ ತಿಂಗಳಲ್ಲಿ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಅವರು ಅಲೆಕ್ಸಾಂಡರ್ ಬುಬ್ಲಿಕ್‌ನನ್ನು ಸೋಲಿಸಿದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸಿನಲ್ಲಿ ಶ್ರೇಯಾಂಕಿತ ಆಟಗಾರನೊಬ್ಬನನ್ನು ಭಾರತೀಯನೊಬ್ಬ ಹೀಗೆ ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್‌ನನ್ನು ಮಣಿಸಿದ ಮೇಲೆ ಅದೇ ಮೊದಲು.

ಜೋಡಿ ಆಟ ಮತ್ತು ಕರ್ನಾಟಕ

ಲೋಕವೆಲ್ಲ ಟಿವಿಯಲ್ಲಿ ನೋಡುವುದು ಸಿಂಗಲ್ಸ್. ಆದರೆ ಟೆನಿಸ್ ಆಡುವ ಸಾಮಾನ್ಯ ಜನ, ಬೆಳಿಗ್ಗೆ ಆರಕ್ಕೆ ಕ್ಲಬ್ಬಿಗೆ ಹೋಗುವ ವೈದ್ಯರು, ಮೇಷ್ಟ್ರು, ಬ್ಯಾಂಕಿನವರು, ಆಡುವುದು ಡಬಲ್ಸ್. ಕೋರ್ಟು ಒಂದು, ಆಡುವ ಆಸೆ ಇರುವವರು ನಾಲ್ವರು. ಅರ್ಧ ಅಂಕಣ ಓಡಿದರೆ ಸಾಕು. ಐವತ್ತು ದಾಟಿದವರೂ ಆಡಬಹುದು. ನಮ್ಮ ಅಂಗಳದ ಶಟಲ್ ಕೂಡ ಹೆಚ್ಚಾಗಿ ಇಬ್ಬಿಬ್ಬರ ಆಟವೇ. ಕರ್ನಾಟಕ ಜಗತ್ತಿಗೆ ಕೊಟ್ಟ ದೊಡ್ಡ ಟೆನಿಸ್ ಹೆಸರುಗಳೂ ಈ ಜೋಡಿ ಆಟದವೇ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಜನ ಆಡುವ ಟೆನಿಸ್ಸಿನಲ್ಲಿ ನಮ್ಮವರು ಶಿಖರ ಹತ್ತಿದರು.

ಮಹೇಶ್ ಭೂಪತಿ ಹುಟ್ಟಿದ್ದು 1974ರಲ್ಲಿ ಚೆನ್ನೈಯಲ್ಲಿ, ಬಾಲ್ಯ ಮಸ್ಕತ್‌ನಲ್ಲಿ, ನೆಲೆ ನಿಂತದ್ದು ಬೆಂಗಳೂರಿನಲ್ಲಿ. ತಂದೆ ಕೃಷ್ಣ ಭೂಪತಿ ಅಲ್ಲಿ ಟೆನಿಸ್ ವಿಲೇಜ್ ಎಂಬ ತರಬೇತಿ ಕೇಂದ್ರ ಕಟ್ಟಿದರು. 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಾಗ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಎನಿಸಿದರು. 1999ರಲ್ಲಿ ಲಿಯಾಂಡರ್ ಪೇಸ್ ಜೊತೆಗೂಡಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳ ಫೈನಲ್ ತಲುಪಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಗೆದ್ದರು. ಭೂಪತಿಯ ಒಟ್ಟು ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳು 12. ಆ ಇಬ್ಬರು ಜಗಳವಾಡಿ ಬೇರೆಯಾದರು, ಮತ್ತೆ ಕೂಡಿದರು, ಮತ್ತೆ ದೂರವಾದರು. ಅದನ್ನೇ ವಸ್ತುವಾಗಿಟ್ಟು 2021ರಲ್ಲಿ ‘ಬ್ರೇಕ್ ಪಾಯಿಂಟ್’ ಎಂಬ ಸಾಕ್ಷ್ಯಚಿತ್ರ ಸರಣಿ ಬಂತು. ಟ್ರೋಫಿಗಳಿಗಿಂತ ಜಗಳಕ್ಕೇ ಪ್ರೇಕ್ಷಕರು ಹೆಚ್ಚು ಸಿಕ್ಕರೆಂಬುದು ಬೇಸರದ ಸಂಗತಿ. ಆದರೂ ಆ ಸರಣಿ, ಜೊತೆಗಾರನನ್ನು ನಂಬುವುದು ಎದುರಾಳಿಯನ್ನು ಸೋಲಿಸುವುದಕ್ಕಿಂತ ಎಷ್ಟು ಕಷ್ಟ ಎಂಬುದನ್ನು ತೋರಿಸಿತು.

ರೋಹನ್ ಬೋಪಣ್ಣನ ಕತೆ ಬೇರೆ, ಮತ್ತು ಘಟ್ಟದ ಮಕ್ಕಳಿಗೆ ಹತ್ತಿರದ್ದು. 1980ರ ಮಾರ್ಚ್ 4ರಂದು ಹುಟ್ಟಿ, ಕೊಡಗಿನ ಕಾಫಿ ತೋಟದಲ್ಲಿ ಬೆಳೆದ ಹುಡುಗ. ಮಗ ತಂಡದ ಆಟಕ್ಕಿಂತ ಒಬ್ಬನೇ ಆಡುವ ಆಟ ಹಿಡಿಯಲಿ ಎಂಬುದು ತಂದೆಯ ಬಯಕೆ; ರ್‍ಯಾಕೆಟ್ ಹಿಡಿದಾಗ ವಯಸ್ಸು 11, ಈ ಆಟದಲ್ಲಿ ಅದು ತಡವೇ. ಸರ್ವ್‌ಗೆ ಬಲ ಬರಲೆಂದು ಮರದ ದಿಮ್ಮಿ ಸೀಳಿದ್ದು, ಉಸಿರು ಗಟ್ಟಿಯಾಗಲೆಂದು ತೋಟದಲ್ಲಿ ಓಡಿದ್ದು, ಬಿರುಕುಬಿಟ್ಟ ಅಂಕಣಗಳಲ್ಲಿ ಕನಸು ಕಟ್ಟಿದ್ದು, ಇವನ್ನೆಲ್ಲ 2025ರ ನವೆಂಬರ್ 1ರ ತನ್ನ ವಿದಾಯ ಪತ್ರದಲ್ಲಿ ಬೋಪಣ್ಣ ನೆನೆದಿದ್ದಾರೆ. ಹೆಚ್ಚಿನ ತರಬೇತಿಗೆ ಪುಣೆಗೆ ಹೋಗಬೇಕಾಯಿತು. 2002ರಲ್ಲಿ ಡೇವಿಸ್ ಕಪ್ ಪ್ರವೇಶ.

2010ರಲ್ಲಿ ಪಾಕಿಸ್ತಾನದ ಐಸಾಮುಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ತಲುಪಿದಾಗ ಎರಡೂ ದೇಶಗಳ ರಾಯಭಾರಿಗಳು ಗ್ಯಾಲರಿಯಲ್ಲಿ ಕುಳಿತು ನೋಡಿದರು. ಬ್ರಯಾನ್ ಸಹೋದರರ ಎದುರು ಸೋಲಾಯಿತು. ಯುದ್ಧ ನಿಲ್ಲಲಿ, ಟೆನಿಸ್ ಶುರುವಾಗಲಿ ಎಂಬ ಬೋಪಣ್ಣ–ಖುರೇಷಿ ಜೋಡಿಯ ಕರೆ ಮಾತ್ರ ಆ ಸೋಲಿಗಿಂತ ದೂರ ಹೋಯಿತು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯ ಕೈತಪ್ಪಿತು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಸಿಕ್ಕಿತು. 2021ರಲ್ಲಿ ಸಾಲು ಸಾಲು ಸೋಲು. ಪೋರ್ಚುಗಲ್ಲಿನ ಕಡಲಿನ ಎದುರು ಕೂತು, ಇನ್ನು ಆಡುವುದೇಕೆ ಎಂದು ಯೋಚಿಸಿದ್ದಾಗಿ ಆಮೇಲೆ ಅವರೇ ಹೇಳಿದ್ದಾರೆ. ಮಂಡಿಯ ಮೃದ್ವಸ್ಥಿ ಸವೆದಿತ್ತು. ನೋವಿಗೆ ಅಯ್ಯಂಗಾರ್ ಯೋಗದಲ್ಲಿ ಪರಿಹಾರ ಕಂಡುಕೊಂಡರು. ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ ಕೊಡಗಿನ ಆಟಗಾರನ ಮಂಡಿಗೆ ಆಸರೆಯಾದದ್ದು ಸಂತೋಷದ ವಿಷಯ.

2024ರ ಜನವರಿ 27ರಂದು ಮೆಲ್ಬರ್ನಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್‌ನಲ್ಲಿ, ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಇಟಲಿಯ ಸಿಮೋನೆ ಬೊಲೆಲ್ಲಿ–ಆಂಡ್ರಿಯಾ ವವಸ್ಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿದರು. ಬೋಪಣ್ಣನ ವಯಸ್ಸು ಆಗ 43. ಓಪನ್ ಯುಗದಲ್ಲಿ ಪುರುಷರ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಗೆದ್ದ ಅತಿ ಹಿರಿಯ, ಮೊದಲ ಬಾರಿಗೆ ನಂಬರ್ 1 ಆದವರಲ್ಲೂ ಅತಿ ಹಿರಿಯ. ಅದೇ ವರ್ಷ ಪದ್ಮಶ್ರೀ. ಆ ಟೂರ್ನಿಯಲ್ಲಿ ಸಿಂಗಲ್ಸ್ ವಿಜೇತನಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಜೋಡಿಗೆ, ಇಬ್ಬರಿಗೂ ಸೇರಿ, 7.3 ಲಕ್ಷ. ನೋಡುವವರು ಎಲ್ಲಿರುತ್ತಾರೋ ಹಣವೂ ಅಲ್ಲೇ ಇರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಡಬಲ್ಸ್ ಆಟಗಾರ ಈ ಅಂತರವನ್ನು ತಿಳಿದೇ ಆಡುತ್ತಾನೆ.

ಫೆಡರರ್ ತನ್ನ ಕೊನೆಯ ಪಂದ್ಯಕ್ಕೆ ಆರಿಸಿಕೊಂಡದ್ದೂ ಡಬಲ್ಸ್ ಅನ್ನೇ. 2022ರ ಸೆಪ್ಟೆಂಬರ್ 23ರಂದು ಲಂಡನ್ನಿನಲ್ಲಿ ರಫೆಲ್ ನಡಾಲ್ ಜೊತೆಗಾರ. ಆಟ ಮುಗಿದ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಅತ್ತ ದೃಶ್ಯವನ್ನು ಟೆನಿಸ್ ನೋಡದವರೂ ನೋಡಿದರು.

ಪ್ರೇಕ್ಷಕನಿಗಾಗಿ ಬದಲಾದ ಆಟ

ಟೆನಿಸ್ ಚೆಂಡು ಮೊದಲು ಬಿಳಿಯದು ಅಥವಾ ಕಪ್ಪು. ಬಣ್ಣದ ಟಿವಿಯಲ್ಲಿ ಬಿಳಿ ಚೆಂಡು ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ 1972ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಹಳದಿ ಚೆಂಡನ್ನು ತಂದಿತು. ಸಂಪ್ರದಾಯ ಬಿಡದ ವಿಂಬಲ್ಡನ್ 1986ರಲ್ಲಿ ಒಪ್ಪಿತು. ವಜ್ರಳ್ಳಿಯ ಬಯಲಿನಲ್ಲಿ ಸಿಕ್ಸರ್ ಹೋಗುವ ಚೆಂಡಿನ ಹಳದಿ ಬಣ್ಣ ಹೀಗೆ ಟಿವಿಯ ಕೊಡುಗೆ. ಪಂದ್ಯ ಕೊನೆಯಿಲ್ಲದೆ ಬೆಳೆಯಬಾರದೆಂದು 1970ರ ಅಮೆರಿಕನ್ ಓಪನ್‌ನಲ್ಲಿ ಟೈಬ್ರೇಕ್ ಬಂತು. ನಂತರ ಕ್ಯಾಮೆರಾ ಚೆಂಡಿನ ದಾರಿ ಹಿಡಿಯುವ ಹಾಕ್-ಐ ಬಂತು. 2025ರಲ್ಲಿ ವಿಂಬಲ್ಡನ್ ಕೂಡ ಗೆರೆ ಕಾಯುವ ಅಂಪೈರುಗಳನ್ನು ಕೈಬಿಟ್ಟಿತು.

ಮನರಂಜನೆ ಒಮ್ಮೊಮ್ಮೆ ನ್ಯಾಯಕ್ಕೂ ದಾರಿ ಮಾಡಿತು. 1973ರ ಸೆಪ್ಟೆಂಬರ್ 20ರಂದು ಹ್ಯೂಸ್ಟನ್ನಿನಲ್ಲಿ ಬಿಲ್ಲಿ ಜೀನ್ ಕಿಂಗ್, ಮಹಿಳಾ ಟೆನಿಸ್ಸನ್ನು ಹೀಯಾಳಿಸುತ್ತಿದ್ದ 55 ವರ್ಷದ ಮಾಜಿ ಚಾಂಪಿಯನ್ ಬಾಬಿ ರಿಗ್ಸ್‌ನನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಕ್ರೀಡಾಂಗಣದಲ್ಲಿ 30,472 ಜನ. ಟಿವಿ ಮುಂದೆ ಕೋಟಿಗಟ್ಟಲೆ. ಅದು ಜಾತ್ರೆಯಂತೆ ನಡೆದ ಪ್ರದರ್ಶನ ಪಂದ್ಯ ನಿಜ. ಆದರೆ ಅದೇ ವರ್ಷ ಅಮೆರಿಕನ್ ಓಪನ್ ಹೆಣ್ಣು ಗಂಡಿಗೆ ಸಮಾನ ಬಹುಮಾನ ಕೊಡಲಾರಂಭಿಸಿತ್ತು, ಆ ಹೋರಾಟದ ಮುಂಚೂಣಿಯಲ್ಲಿದ್ದವರೂ ಕಿಂಗ್ ಅವರೇ.

ಸಿನಿಮಾ ಟೆನಿಸ್ಸನ್ನು ಬಹುಕಾಲ ಸಿರಿವಂತಿಕೆಯ ಗುರುತಾಗಿ ಬಳಸಿತು. ಭಾರತದ ಆಟಗಾರ ವಿಜಯ್ ಅಮೃತರಾಜ್ 1983ರ ಜೇಮ್ಸ್ ಬಾಂಡ್ ಚಿತ್ರ ‘ಆಕ್ಟೊಪಸಿ’ಯಲ್ಲಿ ರ್‍ಯಾಕೆಟ್ಟನ್ನೇ ಆಯುಧ ಮಾಡಿಕೊಂಡು ಬಡಿದಾಡಿದರು. ಭಾರತೀಯರಿಗೆ ಟೆನಿಸ್ಸನ್ನು ಐಪಿಎಲ್ ಮಾದರಿಯಲ್ಲಿ ಉಣಬಡಿಸಲು ಹೊರಟವರು ಮಹೇಶ್ ಭೂಪತಿ. 2014ರಲ್ಲಿ ಅವರು ಆರಂಭಿಸಿದ ಇಂಟರ್‌ನ್ಯಾಷನಲ್ ಪ್ರೀಮಿಯರ್ ಟೆನಿಸ್ ಲೀಗ್‌ನಲ್ಲಿ ಸಂಗೀತ, ಸೆಕೆಂಡು ಎಣಿಸುವ ಗಡಿಯಾರ, ಎರಡು ಪಟ್ಟು ಬೆಲೆಯ ಪಾಯಿಂಟು ಎಲ್ಲ ಇದ್ದವು. ಆ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಫೆಡರರ್ ಆಡಲು ಬಂದಾಗ ಅಮಿತಾಭ್ ಬಚ್ಚನ್, ಆಮಿರ್ ಖಾನ್, ದೀಪಿಕಾ ಪಡುಕೋಣೆ ಅಂಕಣಕ್ಕಿಳಿದರು. ಮೂರು ಆವೃತ್ತಿಗೆ ಲೀಗ್ ನಿಂತುಹೋಯಿತು. ನಕ್ಷತ್ರಗಳನ್ನು ಕರೆತರುವುದು ದುಬಾರಿ. ಊರಿನ ತಂಡವೆಂಬ ಅಭಿಮಾನ ಮೂರು ದಿನದಲ್ಲಿ ಹುಟ್ಟುವುದಿಲ್ಲ.

2025ರ ಅಮೆರಿಕನ್ ಓಪನ್‌ನಲ್ಲಿ ನಡೆದದ್ದು ಇನ್ನೂ ಪಾಠದಂತಿದೆ. ಮಿಶ್ರ ಡಬಲ್ಸನ್ನು ಸಿಂಗಲ್ಸ್ ತಾರೆಯರ ಚುಟುಕು ಪಂದ್ಯವಾಗಿ ಬದಲಿಸಿ, ಫೈನಲ್ ಹೊರತು ನಾಲ್ಕೇ ಗೇಮಿನ ಸೆಟ್ ಮಾಡಿ, ಗೆದ್ದ ಜೋಡಿಗೆ 10 ಲಕ್ಷ ಡಾಲರ್ ಇಟ್ಟರು. ಡಬಲ್ಸ್ ಆಟಗಾರರಿಗೆ ಬಾಗಿಲು ಮುಚ್ಚಿದಂತಾಯಿತು. ಹಿಂದಿನ ವರ್ಷದ ವಿಜೇತರೆಂದು ಒಳಬಂದ ಸಾರಾ ಎರಾನಿ ಮತ್ತು ಆಂಡ್ರಿಯಾ ವವಸ್ಸೋರಿ, ಹೌದು, ಮೆಲ್ಬರ್ನಿನಲ್ಲಿ ಬೋಪಣ್ಣನ ಎದುರು ಸೋತ ಅದೇ ವವಸ್ಸೋರಿ, ತಾರೆಯರನ್ನೆಲ್ಲ ದಾಟಿ ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್–ಕ್ಯಾಸ್ಪರ್ ರೂಡ್ ಜೋಡಿಯನ್ನು ಸೋಲಿಸಿದರು. ಗ್ಯಾಲರಿ ತುಂಬಿತ್ತು, ಆ ಮಟ್ಟಿಗೆ ಸಂಘಟಕರ ಲೆಕ್ಕ ಸರಿ. ಜೋಡಿ ಆಟ ಬೇರೆಯದೇ ವಿದ್ಯೆ ಎಂಬುದನ್ನು ಆ ಇಬ್ಬರು ತುಂಬಿದ ಗ್ಯಾಲರಿಯ ಎದುರೇ ತೋರಿಸಿಕೊಟ್ಟರು.

ಕಬ್ಬನ್ ಪಾರ್ಕಿನ ಗ್ಯಾಲರಿ

ಕರ್ನಾಟಕದಲ್ಲಿ ದೊಡ್ಡ ಟೆನಿಸ್ಸನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣಕ್ಕೇ ಹೋಗಬೇಕು. ಅದಕ್ಕೆ ಈಗ ಎಸ್.ಎಂ. ಕೃಷ್ಣ ಅವರ ಹೆಸರು. ಮುಖ್ಯಮಂತ್ರಿಯಾಗಿದ್ದ ಕೃಷ್ಣ ಇಳಿವಯಸ್ಸಿನವರೆಗೂ ರ್‍ಯಾಕೆಟ್ ಬಿಡದವರು, ಸಂಸ್ಥೆಯನ್ನು ಮುನ್ನಡೆಸಿದವರು. 2006ರಿಂದ 2008ರವರೆಗೆ ಮಹಿಳೆಯರ ಬೆಂಗಳೂರು ಓಪನ್ ಇಲ್ಲಿ ನಡೆಯಿತು. 2008ರ ಸೆಮಿಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಅಕ್ಕ ವೀನಸ್‌ಳನ್ನು ಸೋಲಿಸಿ, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಎದುರು ಗೆದ್ದರು. ಈ ಅಕ್ಕತಂಗಿಯರ ಆಟ ಕನ್ನಡ ನೆಲದಲ್ಲಿ ನಡೆದಿತ್ತೆಂಬುದು ಇಂದು ಬಹುಮಂದಿಗೆ ನೆನಪಿಲ್ಲ.

2014ರ ಸೆಪ್ಟೆಂಬರಿನ ಡೇವಿಸ್ ಕಪ್ಪಿನಲ್ಲಿ ಸರ್ಬಿಯಾ ಎದುರು ಭಾರತ 0–2 ಹಿಂದಿತ್ತು. ಡಬಲ್ಸಿನಲ್ಲಿ ಪೇಸ್–ಬೋಪಣ್ಣ ಮೊದಲ ಎರಡು ಸೆಟ್ ಸೋತರು, ಮುಂದಿನ ಮೂರನ್ನೂ ಗೆದ್ದರು. ಸೋಮದೇವ್ ದೇವವರ್ಮನ್ ಐದು ಸೆಟ್ ಆಡಿ 2–2 ಮಾಡಿದರು. ನಿರ್ಣಾಯಕ ಪಂದ್ಯಕ್ಕೆ ಮಳೆ ಅಡ್ಡ ಬಂದು ಮರುದಿನಕ್ಕೆ ಹೋಯಿತು, ಯೂಕಿ ಭಾಂಬ್ರಿ ಸೋತರು. ಸೋತ ಆ ಹಣಾಹಣಿಯೇ ಬೆಂಗಳೂರಿನ ಪ್ರೇಕ್ಷಕರು ಹೆಚ್ಚು ನೆನೆಯುವಂಥದ್ದು. ಈಗ ಪ್ರತಿವರ್ಷದ ಬೆಂಗಳೂರು ಓಪನ್ ಚಾಲೆಂಜರ್ ಇದೇ ಅಂಕಣಗಳಲ್ಲಿ ನಡೆಯುತ್ತದೆ. 2017ರಲ್ಲಿ ಅದನ್ನು ಗೆದ್ದವರು ಸುಮಿತ್ ನಗಾಲ್.

ಘಟ್ಟದ ಅಂಗಳಕ್ಕೆ ಹಿಡಿಸುವ ಕೋರ್ಟು

ವಿಂಬಲ್ಡನ್ನಿನ ಎರಡು ವಾರ ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆಯ ಕಾಲ. ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ, ಹೊಳವಾಗುವುದನ್ನೇ ಕಾಯುವ ಕೊನೆಗೌಡರು, ಸಂಜೆ ಆರಕ್ಕೆ ಸೆಂಟರ್ ಕೋರ್ಟ್ ಆಟ ಶುರುವಾಗುವ ಹೊತ್ತಿಗೆ ಹೋಗುವ ಕರೆಂಟು. ಟೆನಿಸ್ ಚೆಂಡಿನ ಹೊದಿಕೆ ನೀರು ಕುಡಿದರೆ ಭಾರವಾಗಿ ಪುಟಿಯುವುದೇ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ತೆರೆದ ಅಂಕಣ ಹೀಗೆ ನಿರುಪಯೋಗಿ. ಆದರೂ ಟೆನಿಸ್ ಬರೀ ಬೆಂಗಳೂರಿನ ಸೊತ್ತಲ್ಲ. ಯಲ್ಲಾಪುರದಿಂದ ಎರಡು ಗಂಟೆಯ ದಾರಿಯ ಧಾರವಾಡದಲ್ಲಿ 2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯ (ಐಟಿಎಫ್) ಟೂರ್ನಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದರು.

ಊರಿನ ಮಕ್ಕಳಿಗೆ ಆಟ ಹಿಡಿಸಲು ಪೂರ್ಣ ಅಳತೆಯ ಕೋರ್ಟೇ ಬೇಕೆಂದಿಲ್ಲ. ಹತ್ತು ವರ್ಷದೊಳಗಿನವರ ಸ್ಪರ್ಧೆಯಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದೆಂದು 2012ರಿಂದ ಅಂತರರಾಷ್ಟ್ರೀಯ ನಿಯಮವಿದೆ. ಕೆಂಪು ಚೆಂಡು ಮಾಮೂಲಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆಯದು ಶೇ 50, ಹಸಿರಿನದು ಶೇ 25. ಕೆಂಪು ಚೆಂಡಿನ ಅಂಕಣ ಸುಮಾರು 11 ಮೀಟರ್ ಉದ್ದ, ಐದಾರು ಮೀಟರ್ ಅಗಲ; ನೆಟ್ಟಿನ ಎತ್ತರ 80 ಸೆಂಟಿಮೀಟರ್ ಆಸುಪಾಸು. ಇದು ಶಟಲ್ ಅಂಕಣಕ್ಕಿಂತ ಚಿಕ್ಕದು. ಅಡಿಕೆ ಒಣಗಿಸುವ ಅಂಗಳ ಮಾಘ ಕಳೆದು ಖಾಲಿಯಾದ ಮೇಲೆ ಅಲ್ಲಿ ಸುಣ್ಣದ ಗೆರೆ ಎಳೆದು, ಎರಡು ಗೂಟಕ್ಕೆ ಬಲೆ ಕಟ್ಟಿದರೆ ನಾಲ್ಕು ಮಕ್ಕಳು ಡಬಲ್ಸ್ ಆಡಬಹುದು. ಶಾಲೆಯ ಗೋಡೆಯೊಂದು ಬಿಡುವಾಗಿದ್ದರೆ ಒಬ್ಬನೇ ಚೆಂಡು ಬಡಿದು ಕಲಿಯಬಹುದು. ಬೇಕಾದದ್ದು ನಾಲ್ಕು ಚಿಕ್ಕ ರ್‍ಯಾಕೆಟ್ಟು, ಒಂದು ಡಜನ್ ಕೆಂಪು ಚೆಂಡು, ಸಂಜೆ ಒಂದು ಗಂಟೆ ಜೊತೆಗೆ ನಿಲ್ಲುವ ಒಬ್ಬ ದೈಹಿಕ ಶಿಕ್ಷಕ.